ಸೈಟು ಮಾರಿಸುವವರ ಗೂಗಲ್ ಲಿಸ್ಟಿಂಗ್: ಅಂಗಡಿ ವಿಳಾಸವೋ, ಮನೆಯಿಂದಲೋ, ಕಂಪನಿ ನೆರಳಿನಲ್ಲೋ?

ಎರಡು ವರ್ಷದ ಹಿಂದೆ, ಆಷಾಢ ಮುಗಿಯಲು ಇನ್ನೂ ನಾಲ್ಕು ದಿನ ಇತ್ತು. ಬೆಳಿಗ್ಗೆ ಕಾಫಿ ಕುಡಿಯುತ್ತಾ ಫೋನ್ ನೋಡಿದರೆ ಗೂಗಲ್‌ನಿಂದ ಮೇಲ್ ಬಂದಿದೆ, ನಿಮ್ಮ ಬಿಸಿನೆಸ್ ಪ್ರೊಫೈಲ್ ಸಸ್ಪೆಂಡ್ ಆಗಿದೆ ಅಂತ. ಗೂಗಲ್ ಮ್ಯಾಪ್‌ನಲ್ಲಿ ನಮ್ಮ ಹೆಸರು, ವಿಳಾಸ, ಫೋನ್ ತೋರಿಸುವ ಪುಟ ಅದು, ನಾವು ಲಿಸ್ಟಿಂಗ್ ಅನ್ನುವುದು ಅದಕ್ಕೇ. ಈ ಕಸುಬಿನಲ್ಲಿರುವವರಿಗೆ ಅದರ ನೋವು ಗೊತ್ತು. ಆಷಾಢದಲ್ಲಿ ಯಾರೂ ಅಡ್ವಾನ್ಸ್ ಕೊಡಲ್ಲ, ಶ್ರಾವಣ ಹುಟ್ಟಿದ ಕೂಡಲೇ ಫೋನ್ ಬಿಡುವಿಲ್ಲದೆ ಹೊಡೆದುಕೊಳ್ಳುತ್ತೆ, ಆ ಹೊತ್ತಿಗೇ ಮ್ಯಾಪ್‌ನಲ್ಲಿ ನನ್ನ ಹೆಸರೇ ಇಲ್ಲ.

ತಪ್ಪು ಎರಡಿತ್ತು. ನನ್ನ ಬೋರ್ಡಿನಲ್ಲಿ ಇರುವುದು ಎರಡೇ ಪದ. ಗೂಗಲ್‌ನಲ್ಲಿ ಮಾತ್ರ ಆ ಎರಡು ಪದಕ್ಕೆ ‘ಬೆಸ್ಟ್ ಸೈಟ್ಸ್ ಇನ್ ವಿಜಯನಗರ ಬೋಗಾದಿ ಮುಡಾ ಅಪ್ರೂವ್ಡ್’ ಅಂತ ಉದ್ದನೆಯ ಬಾಲ (ಮುಡಾ ಅಂದರೆ ಮೈಸೂರು ನಗರಾಭಿವೃದ್ಧಿ ಪ್ರಾಧಿಕಾರ). ಲಿಸ್ಟಿಂಗ್ ಮಾಡಿಕೊಟ್ಟ ಹುಡುಗ ಹಾಗೆ ಹಾಕಿದ್ದ, ನಾನೂ ಸರಿ ಅಂದಿದ್ದೆ. ಇನ್ನೊಂದು ತಪ್ಪು ದೊಡ್ಡದು. ಅಂಗಡಿ ಖಾಲಿ ಮಾಡಿ ಏಳು ತಿಂಗಳಾಗಿತ್ತು, ಕೆಲಸವೆಲ್ಲ ಮನೆಯಿಂದಲೇ ನಡೆಯುತ್ತಿತ್ತು, ಆದರೆ ಪಿನ್ ಇನ್ನೂ ಹಳೇ ಅಂಗಡಿ ಮೇಲೇ ಕೂತಿತ್ತು. ಅಲ್ಲಿ ಆಗಲೇ ಯಾರೋ ಬ್ಯಾಂಗಲ್ ಸ್ಟೋರ್ಸ್ ತೆರೆದಿದ್ದರು.

ಅದಾದ ಮೇಲೆ ಮೈಸೂರು, ಮಂಡ್ಯದ ಹತ್ತಾರು ಏಜೆಂಟ್ ಗೆಳೆಯರಿಗೆ ಲಿಸ್ಟಿಂಗ್ ಸರಿಮಾಡಲು ಜೊತೆಗೆ ಕೂತಿದ್ದೇನೆ. ಎಲ್ಲರೂ ಮೊದಲು ಕೇಳುವುದು ಮೇಲೆ ಬರುವುದು ಹೇಗೆ ಅಂತ. ನಾನು ಮೊದಲು ಕೇಳುವುದು, ಪಾರ್ಟಿ, ಅಂದರೆ ಗಿರಾಕಿ, ನಿಮ್ಮನ್ನು ಎಲ್ಲಿ ಬಂದು ನೋಡುತ್ತಾರೆ ಅಂತ. ಯಾವ ಥರದ ಲಿಸ್ಟಿಂಗ್ ನಿಮಗೆ ಅನ್ನುವುದು ಈ ಒಂದು ಉತ್ತರದ ಮೇಲೆ ನಿಂತಿದೆ. ಉಳಿದದ್ದೆಲ್ಲ ಆಮೇಲಿನ ಮಾತು.

ಅಂಗಡಿ ವಿಳಾಸ ತೋರಿಸುವ ಲಿಸ್ಟಿಂಗ್

ಚಾಮರಾಜ ಜೋಡಿ ರಸ್ತೆಯಲ್ಲೋ, ಕುವೆಂಪುನಗರದಲ್ಲೋ, ಮಂಡ್ಯದ ವಿ.ವಿ. ರಸ್ತೆಯಲ್ಲೋ ನಿಮ್ಮದೇ ಒಂದು ಆಫೀಸು ಇದೆ, ಖಾಯಂ ಬೋರ್ಡು ಇದೆ, ಹೇಳಿದ ಹೊತ್ತಿಗೆ ಯಾರಾದರೂ ಒಬ್ಬರು ಕೂತಿರುತ್ತಾರೆ ಅಂದರೆ ಇದೇ ನಿಮಗೆ ಸರಿ, ಎರಡು ಮಾತಿಲ್ಲ. ಮ್ಯಾಪ್‌ನಲ್ಲಿ ಪಿನ್ ಕಾಣುತ್ತೆ, ಡೈರೆಕ್ಷನ್ ಒತ್ತಿ ನೇರ ಬರುತ್ತಾರೆ, ಬಾಗಿಲು ಕಂಡರೆ ಜನಕ್ಕೂ ನಂಬಿಕೆ.

ಕಷ್ಟ ಇರುವುದು ಟೈಮಿಂಗ್‌ನಲ್ಲಿ. ನಮ್ಮ ಕೆಲಸ ಅಂಗಡಿಯಲ್ಲಿ ಕೂರುವಂಥದ್ದಲ್ಲ. ಬೆಳಿಗ್ಗೆ ಇಲವಾಲದಲ್ಲಿ ಸೈಟು ತೋರಿಸಿ, ಮಧ್ಯಾಹ್ನ ಸಬ್ ರಿಜಿಸ್ಟ್ರಾರ್ ಆಫೀಸಿನಲ್ಲಿ ಕಾದು, ಸಂಜೆ ಬನ್ನೂರು ರಸ್ತೆಗೆ ಹೋಗಿರುತ್ತೇವೆ. ಒಬ್ಬರೇ ಇರುವ ಆಫೀಸಿಗೆ ಬೆಳಿಗ್ಗೆ 9ರಿಂದ ರಾತ್ರಿ 9 ಅಂತ ಹಾಕಿದರೆ ಅದು ಸುಳ್ಳೇ. ಬಂದವರು ಮುಚ್ಚಿದ ಶಟರ್‌ನ ಫೋಟೋ ತೆಗೆದು ಹಾಕುತ್ತಾರೆ, ಇಲ್ಲಾಂದ್ರೆ ಇಲ್ಲಿ ಇಂಥ ಬಿಸಿನೆಸ್ಸೇ ಇಲ್ಲ ಅಂತ ರಿಪೋರ್ಟ್ ಮಾಡುತ್ತಾರೆ. ಬೆಳಿಗ್ಗೆ 10ರಿಂದ 1, ಸಂಜೆ 5ರಿಂದ 8 ಅಂತ ನಿಜ ಇದ್ದದ್ದನ್ನೇ ಹಾಕಿ. ಒಂದು ದಿನಕ್ಕೆ ಎರಡು ಹೊತ್ತಿನ ಸಮಯ ಹಾಕಲು ಅಲ್ಲೇ ಅವಕಾಶ ಇದೆ. ದಸರಾಗೆ ಮುಚ್ಚುವುದಿದ್ದರೆ ಸ್ಪೆಷಲ್ ಅವರ್ಸ್ ಅಂತ ಬೇರೆಯೇ ಜಾಗ ಇದೆ.

ಹಗ್ಗ ಕಟ್ಟಿ ನೇತುಹಾಕಿದ ಫ್ಲೆಕ್ಸನ್ನು ಬೋರ್ಡು ಅಂತ ತೋರಿಸಬೇಡಿ. ಗಟ್ಟಿಯಾಗಿ ಕೂರಿಸಿದ ಬೋರ್ಡು ಬೇಕು. ಹೇಗೂ ಹೊಸದು ಮಾಡಿಸುತ್ತೀರಿ ಅಂದರೆ, 2024ರ ತಿದ್ದುಪಡಿ ಪ್ರಕಾರ ನಾಮಫಲಕದ 60 ಶೇಕಡಾ ಕನ್ನಡ ಇರಬೇಕು, ಅದೂ ಮೇಲ್ಭಾಗದಲ್ಲಿ. ಆ ಬೋರ್ಡಿನ ಮೇಲೆ ಯಾವ ಹೆಸರಿದೆಯೋ ಅದೇ ಹೆಸರು ಗೂಗಲ್‌ನಲ್ಲೂ ಇರಲಿ. ಊರಿನ ಹೆಸರು, ಫೋನ್ ನಂಬರ್, ‘ನಂಬರ್ ಒನ್’, ‘ಬೆಸ್ಟ್’, ‘ಲೋ ರೇಟ್’ ಯಾವುದೂ ಹೆಸರಿನ ಜಾಗದಲ್ಲಿ ಬರಬಾರದು. ನಿಮ್ಮ ಬೋರ್ಡಿನಲ್ಲೇ, ನಿಮ್ಮ ಟ್ರೇಡ್ ಲೈಸೆನ್ಸಿನಲ್ಲೇ ಊರಿನ ಹೆಸರು ಸೇರಿಕೊಂಡಿದ್ದರೆ ಆ ಮಾತು ಬೇರೆ.

ಮನೆಯಿಂದ ಕೆಲಸ, ವಿಳಾಸ ಮುಚ್ಚಿಟ್ಟ ಲಿಸ್ಟಿಂಗ್

ಇದನ್ನು ಸರ್ವೀಸ್ ಏರಿಯಾ ಅಂತಾರೆ. ನೀವೇ ಪಾರ್ಟಿ ಇರುವಲ್ಲಿಗೆ ಹೋಗುತ್ತೀರಿ, ಅವರು ನಿಮ್ಮ ಮನೆಗೆ ಬರಲ್ಲ. ಗೂಗಲ್‌ಗೆ ವಿಳಾಸ ಕೊಡುತ್ತೀರಿ, ಆದರೆ ಜನಕ್ಕೆ ಅದು ಕಾಣಲ್ಲ. ಬದಲಿಗೆ ಯಾವ ಯಾವ ಊರು, ಬಡಾವಣೆಯಲ್ಲಿ ಕೆಲಸ ಮಾಡುತ್ತೀರಿ ಅಂತ ಹಾಕಬೇಕು.

ನನ್ನ ಅಂದಾಜಿನಲ್ಲಿ ನಮ್ಮ ಊರಿನ ಅರ್ಧಕ್ಕಿಂತ ಜಾಸ್ತಿ ಏಜೆಂಟರಿಗೆ ಹೊಂದುವುದು ಇದೇ. ಆದರೂ ಯಾರೂ ಇದನ್ನು ಆರಿಸಲ್ಲ, ಪಿನ್ ಇಲ್ಲದಿದ್ದರೆ ಯಾರು ನಂಬುತ್ತಾರೆ ಅನ್ನುವ ಅಳುಕು. ನನಗೂ ಅದೇ ಅಳುಕು ಇತ್ತು. ಪಿನ್ ಇಲ್ಲದೆ ಒಂದಿಷ್ಟು ಕರೆ ಕಡಿಮೆಯಾಗಿದ್ದು ನಿಜ, ಸುಳ್ಳು ಹೇಳಲ್ಲ. ಆದರೆ ಬಂದ ಕರೆಗಳು ಗಟ್ಟಿ. ಮನೆ ಬಾಗಿಲಿಗೆ ಅಪರಿಚಿತರು ರಾತ್ರಿ ಎಂಟೂವರೆಗೆ ಬಂದು ಬೆಲ್ ಒತ್ತುವುದು ನಿಂತಿತು, ಅಮ್ಮನಿಗೆ ಅದೇ ದೊಡ್ಡ ನೆಮ್ಮದಿ.

ಇಲ್ಲಿ ಎರಡು ಮಿತಿ ನೆನಪಿಡಿ. ಒಟ್ಟು 20 ಜಾಗಗಳ ತನಕ ಹಾಕಬಹುದು. ನೀವಿರುವ ಕಡೆಯಿಂದ ಸುಮಾರು ಎರಡು ಗಂಟೆ ಗಾಡಿ ಓಡಿಸುವಷ್ಟು ದೂರದ ಒಳಗೆ ಇರಬೇಕು. ಮೈಸೂರಿನಿಂದ ಶ್ರೀರಂಗಪಟ್ಟಣ, ಮಂಡ್ಯ, ನಂಜನಗೂಡು, ಹುಣಸೂರು, ಟಿ. ನರಸೀಪುರ ಎಲ್ಲ ಆರಾಮಾಗಿ ಬರುತ್ತವೆ. ಮಂಗಳೂರು, ಹುಬ್ಬಳ್ಳಿ ಸೇರಿಸಿದರೆ ಯಾರಿಗೂ ಉಪಯೋಗ ಇಲ್ಲ, ಅನುಮಾನಕ್ಕೆ ಮಾತ್ರ ದಾರಿ. ಜಾಸ್ತಿ ಊರು ಹಾಕಿದರೆ ಜಾಸ್ತಿ ಊರಲ್ಲಿ ಮೇಲೆ ಬರುತ್ತೇವೆ ಅನ್ನುವ ನಂಬಿಕೆಯೂ ಬೇಡ, ನಾನು ಹಾಕಿ ನೋಡಿದ್ದೇನೆ, ಹಾಗಾಗಲ್ಲ.

ಬರೀ ಮನೆಯಿಂದ ಕೆಲಸ ಮಾಡುತ್ತಾ ಮನೆ ವಿಳಾಸವನ್ನೇ ಆಫೀಸು ಅಂತ ತೋರಿಸುವುದು ಎರಡೂ ಕಡೆಯಿಂದ ನಷ್ಟ. ನಿಯಮಕ್ಕೂ ಒಪ್ಪಲ್ಲ, ಮನೆಯವರಿಗೂ ತೊಂದರೆ. ಮನೆಯ ಮುಂದಿನ ಕೋಣೆಯನ್ನೇ ಆಫೀಸು ಮಾಡಿ, ಬೋರ್ಡು ಹಾಕಿ, ದಿನಾ ಜನರನ್ನು ಕೂರಿಸಿ ಮಾತಾಡುತ್ತೀರಾದರೆ ಮಾತ್ರ ಅದನ್ನು ಆಫೀಸು ಅನ್ನಿ.

ಕಂಪನಿಯಲ್ಲಿರುವ ಏಜೆಂಟ್ ಸ್ವಂತ ಲಿಸ್ಟಿಂಗ್ ಮಾಡಬಹುದಾ?

ಮಾಡಬಹುದು, ಆದರೆ ಎಲ್ಲರೂ ಅಲ್ಲ. ಜಾಸ್ತಿ ಜನ ಮುಗ್ಗರಿಸುವುದು ಇಲ್ಲೇ, ಹಾಗಾಗಿ ಸ್ವಲ್ಪ ಬಿಡಿಸಿ ಹೇಳುತ್ತೇನೆ.

ಡಾಕ್ಟರು, ವಕೀಲರ ಹಾಗೆಯೇ ರಿಯಲ್ ಎಸ್ಟೇಟ್ ಏಜೆಂಟನ್ನೂ ಗೂಗಲ್ ಸ್ವಂತ ಗಿರಾಕಿಗಳಿರುವ ವೃತ್ತಿಯವರು ಅಂತ ಪರಿಗಣಿಸುತ್ತದೆ. ನಿಮ್ಮ ಹೆಸರು ಕೇಳಿಕೊಂಡೇ ಜನ ಬರುತ್ತಾರೆ, ಆ ಆಫೀಸಿನಲ್ಲಿ ಹೇಳಿದ ಹೊತ್ತಿಗೆ ನೀವು ಸಿಗುತ್ತೀರಿ ಅಂದರೆ ನಿಮಗೆ ಬೇರೆ ಪ್ರೊಫೈಲ್ ಸಲ್ಲುತ್ತೆ. ಬಿಲ್ಡರ್ ಒಬ್ಬರ ಲೇಔಟಿಗೆ ಪಾರ್ಟಿ ಹುಡುಕಿ ತಂದುಕೊಡುವ ಸೇಲ್ಸ್ ಕೆಲಸ, ತಿಂಗಳ ಸಂಬಳ ಅಂದರೆ ಸಲ್ಲಲ್ಲ. ಬೇಜಾರು ಮಾಡಿಕೊಳ್ಳಬೇಡಿ, ಸೇಲ್ಸ್ ಹುಡುಗರಿಗೆ ಬೇರೆ ಲಿಸ್ಟಿಂಗ್ ಇಲ್ಲ ಅಂತ ನಿಯಮದಲ್ಲೇ ಬರೆದಿದೆ.

ಹೆಸರಿನ ಲೆಕ್ಕ ಹೀಗೆ. ಒಂದೇ ಆಫೀಸಿನಲ್ಲಿ ನಿಮ್ಮಂಥ ನಾಲ್ಕು ಏಜೆಂಟರಿದ್ದರೆ ಕಂಪನಿಗೆ ಒಂದು ಪ್ರೊಫೈಲ್, ನಿಮಗೆ ಒಂದು, ನಿಮ್ಮದರಲ್ಲಿ ನಿಮ್ಮ ಹೆಸರು ಮಾತ್ರ, ಕಂಪನಿ ಹೆಸರು ಸೇರಿಸಬಾರದು. ದೊಡ್ಡ ಬ್ರಾಂಡ್ ಒಂದರ ಕೆಳಗೆ ಆ ಆಫೀಸಿನಲ್ಲಿ ನೀವೊಬ್ಬರೇ ಇದ್ದರೆ ಎರಡು ಪ್ರೊಫೈಲ್ ಬೇಡ, ಒಂದೇ ಸಾಕು, ಬ್ರಾಂಡಿನ ಹೆಸರು, ಒಂದು ಕೋಲನ್, ಆಮೇಲೆ ನಿಮ್ಮ ಹೆಸರು. ಬಾಡಿಗೆ ಮನೆಗೆ ಒಂದು, ಸೈಟಿಗೆ ಒಂದು, ಕೃಷಿ ಜಮೀನಿಗೆ ಒಂದು ಅಂತ ಒಬ್ಬರೇ ಮೂರು ಮಾಡುವಂತಿಲ್ಲ.

ಕಂಪನಿ ಬಿಡುವ ಯೋಚನೆ ಇದ್ದರೆ ಈಗಲೇ ನಿಮ್ಮ ಹೆಸರಿನ ಪ್ರೊಫೈಲ್ ಸರಿಯಾಗಿ ಮಾಡಿಕೊಳ್ಳುವುದು ಒಳ್ಳೇದು. ಬಿಟ್ಟ ದಿನ ವಿಳಾಸ, ಫೋನ್ ಬದಲಿಸಿ ಮುಂದುವರಿಸಬಹುದು, ಅಷ್ಟು ವರ್ಷ ಕಷ್ಟಪಟ್ಟು ಗಳಿಸಿದ ರಿವ್ಯೂ ನಿಮ್ಮ ಜೊತೆಗೇ ಬರುತ್ತೆ.

ಕೋವರ್ಕಿಂಗ್ ಟೇಬಲ್, ಲೇಔಟ್ ಹೆಸರಿನ ಪಿನ್

ತಿಂಗಳಿಗೆ ಇಷ್ಟು ಕೊಟ್ಟರೆ ವಿಳಾಸ ಬಳಸಿಕೊಳ್ಳಿ, ಟಪಾಲು ನಾವು ತೆಗೆದುಕೊಳ್ಳುತ್ತೇವೆ ಅನ್ನುವವರು ಈಗ ಮೈಸೂರಲ್ಲೂ ಇದ್ದಾರೆ. ಅಲ್ಲಿ ನಿಮ್ಮ ಬೋರ್ಡು ಇಲ್ಲ, ನಿಮ್ಮ ಜನ ಕೂತಿಲ್ಲ ಅಂದರೆ ಆ ವಿಳಾಸಕ್ಕೆ ಲಿಸ್ಟಿಂಗ್ ಮಾಡಬೇಡಿ. ಅಂಚೆ ಪೆಟ್ಟಿಗೆ ನಂಬರೂ ನಡೆಯಲ್ಲ. ಅದೇ ದುಡ್ಡು ಉಳಿಸಿ ಸರ್ವೀಸ್ ಏರಿಯಾ ಮಾಡಿಕೊಳ್ಳಿ.

ಲೇಔಟ್‌ಗೊಂದು ಪಿನ್ ಹಾಕುವ ಚಾಳಿ ಮೈಸೂರು ಸುತ್ತ ಬಹಳ ಇದೆ. ಖಾಲಿ ಸೈಟು, ಮಾರಾಟಕ್ಕಿರುವ ಮನೆ, ಮಾಡೆಲ್ ಮನೆ ಇವು ಯಾವುವೂ ಬಿಸಿನೆಸ್ ಅಲ್ಲ, ಲಿಸ್ಟಿಂಗ್ ಮಾಡುವಂತಿಲ್ಲ. ಲೇಔಟಿನ ಗೇಟ್ ಹತ್ತಿರ ಸೇಲ್ಸ್ ಆಫೀಸು ಇದೆ, ದಿನಾ ಜನ ಕೂರುತ್ತಾರೆ ಅಂದರೆ ಆ ಆಫೀಸಿಗೆ ಮಾತ್ರ ಮಾಡಬಹುದು.

ಮಂಡ್ಯದ ಗೆಳೆಯರು ಇನ್ನೊಂದು ಕೇಳುತ್ತಾರೆ, ಎಕ್ಸ್‌ಪ್ರೆಸ್‌ವೇ ಆದ ಮೇಲೆ ಮೈಸೂರಿನ ಪಾರ್ಟಿಗಳು ಜಾಸ್ತಿ, ಅಲ್ಲೂ ಒಂದು ಲಿಸ್ಟಿಂಗ್ ಬೇಕಲ್ವಾ ಅಂತ. ಮೈಸೂರಿನಲ್ಲಿ ಬಾಗಿಲು ತೆರೆದು ಒಬ್ಬರನ್ನು ಕೂರಿಸಿದ್ದರೆ ಬ್ರಾಂಚ್ ಅಂತ ಎರಡನೆಯದು ಮಾಡಿ. ಇಲ್ಲದಿದ್ದರೆ ಭಾವನ ಮನೆ ವಿಳಾಸ ಕೊಟ್ಟು ಎರಡನೆಯದು ಮಾಡುವ ಬದಲು ಮಂಡ್ಯದ್ದರಲ್ಲೇ ಮೈಸೂರನ್ನು ಸರ್ವೀಸ್ ಏರಿಯಾಕ್ಕೆ ಸೇರಿಸಿ. ಎರಡನೆಯದು ಸಿಕ್ಕಿಬಿದ್ದರೆ ಮೊದಲನೆಯದಕ್ಕೂ ಪೆಟ್ಟು ಬೀಳಬಹುದು.

ಲಿಸ್ಟಿಂಗೇ ಬೇಡ, 99ಏಕರ್ಸ್, ಮ್ಯಾಜಿಕ್‌ಬ್ರಿಕ್ಸ್ ಸಾಕು ಅನ್ನುವವರಿಗೆ ನನ್ನದು ಚಿಕ್ಕ ಉತ್ತರ. ಅಲ್ಲಿ ಹುಡುಕುವವರು ಆಸ್ತಿ ಹುಡುಕುತ್ತಾರೆ. ಗೂಗಲ್‌ನಲ್ಲಿ ನಿಮ್ಮ ಹೆಸರು ಹಾಕಿ ನೋಡುವವರು ನೀವು ನಂಬಿಕಸ್ತರಾ ಅಂತ ಹುಡುಕುತ್ತಾರೆ. ಎರಡೂ ಬೇಕು.

ರೇರಾ ಮಾತು ಇದರೊಳಗೆ ಯಾಕೆ ಬರುತ್ತೆ

ಗೂಗಲ್ ನಿಯಮ ಮುರಿದರೆ ಲಿಸ್ಟಿಂಗ್ ಹೋಗುತ್ತೆ. ರೇರಾ, ಅಂದರೆ ರಿಯಲ್ ಎಸ್ಟೇಟ್ ನಿಯಂತ್ರಣ ಕಾಯ್ದೆ, ಮುರಿದರೆ ದಂಡ. 2016ರ ಕಾಯ್ದೆಯ ಸೆಕ್ಷನ್ 9ರ ಪ್ರಕಾರ, ರೇರಾದಲ್ಲಿ ನೋಂದಣಿಯಾದ ಪ್ರಾಜೆಕ್ಟಿನ ಸೈಟು, ಫ್ಲಾಟ್ ಮಾರಿಸಲು ಏಜೆಂಟಿಗೂ ನೋಂದಣಿ ಬೇಕು. ಇಲ್ಲದೆ ಮಾಡಿದರೆ ಸೆಕ್ಷನ್ 62ರಲ್ಲಿ ದಿನಕ್ಕೆ 10,000 ರೂಪಾಯಿ ದಂಡ, ಅದು ಆ ಆಸ್ತಿಯ ಬೆಲೆಯ 5 ಶೇಕಡಾ ತನಕ ಏರಬಹುದು. 30×40 ಸೈಟು 40 ಲಕ್ಷ ಅಂದುಕೊಳ್ಳಿ, 5 ಶೇಕಡಾ ಅಂದರೆ 2 ಲಕ್ಷ. ನಮ್ಮ ಕಮಿಷನ್ ಎಷ್ಟು ಅಂತ ನಿಮಗೇ ಗೊತ್ತು.

ನೋಂದಣಿ ಆಗಬೇಕಾದ ಪ್ರಾಜೆಕ್ಟ್ ನೋಂದಣಿ ಆಗದೆ ಇದ್ದರೆ ಅದನ್ನು ಮಾರಿಸುವಂತೆಯೇ ಇಲ್ಲ, ಸೆಕ್ಷನ್ 10. ಲಿಸ್ಟಿಂಗ್ ಅಂದರೆ ಜಾಹೀರಾತಲ್ಲ ಅಂತ ಕೆಲವರು ವಾದ ಮಾಡುತ್ತಾರೆ. ನೀವು ಅಲ್ಲಿ ಹಾಕುವ ಪೋಸ್ಟು, ಲೇಔಟ್ ಫೋಟೋ, ‘ಪ್ರೀ ಲಾಂಚ್ ಆಫರ್’ ಇವೆಲ್ಲ ಏನು ಮತ್ತೆ? ಬಿಲ್ಡರ್ ವಾಟ್ಸಾಪ್‌ನಲ್ಲಿ ಕಳಿಸಿದ ಬ್ರೋಷರನ್ನು ಸುಮ್ನೆ ಎತ್ತಿ ಹಾಕುವ ಮುಂಚೆ ಕರ್ನಾಟಕ ರೇರಾ ವೆಬ್‌ಸೈಟಿನಲ್ಲಿ ಪ್ರಾಜೆಕ್ಟಿನ ಹೆಸರು ಹಾಕಿ ನೋಡಿ. ಎರಡು ನಿಮಿಷದ ಕೆಲಸ. ಪ್ರಾಜೆಕ್ಟ್ ನಂಬರಿನ ನಡುವೆ ಪಿಆರ್ ಅಂತ ಬರುತ್ತೆ, ಏಜೆಂಟ್ ನಂಬರಿನಲ್ಲಿ ಎಜಿ ಅಂತ ಬರುತ್ತೆ. ಬಿಲ್ಡರ್ ತೋರಿಸಿದ್ದು ಅವರ ಏಜೆಂಟನ ನಂಬರಾ, ಪ್ರಾಜೆಕ್ಟ್ ನಂಬರಾ ಅಂತ ಇದರಿಂದಲೇ ತಿಳಿಯುತ್ತೆ.

ನಿಮ್ಮ ಸ್ವಂತ ನೋಂದಣಿ ನಂಬರನ್ನು ಹೆಸರಿನ ಜಾಗದಲ್ಲಿ ತುರುಕಬೇಡಿ, ವಿವರಣೆಯಲ್ಲಿ ಹಾಕಿ. ವಿವರಣೆಗೆ 750 ಅಕ್ಷರ ಸಿಗುತ್ತೆ. ನಾನು ಮೊದಲ ಸಾಲಿನಲ್ಲೇ ನಂಬರ್ ಹಾಕಿದ್ದೇನೆ, ಆಮೇಲೆ ಯಾವ ಯಾವ ಬಡಾವಣೆ, ಎಂಥ ಆಸ್ತಿ, ಎಷ್ಟು ವರ್ಷದಿಂದ. ಅಲ್ಲಿ ರೇಟು, ಆಫರ್, ಲಿಂಕ್ ಹಾಕುವ ಹಾಗಿಲ್ಲ. ನೋಂದಣಿ 5 ವರ್ಷಕ್ಕೆ ಮುಗಿಯುತ್ತೆ, ಮುಗಿದ ನಂಬರ್ ಲಿಸ್ಟಿಂಗ್‌ನಲ್ಲಿ ಹಾಗೇ ಕೂತಿರುವುದನ್ನು ನಾನು ಎಷ್ಟೋ ಕಡೆ ನೋಡಿದ್ದೇನೆ.

‘ಮುಡಾ ಅಪ್ರೂವ್ಡ್’ ಅನ್ನುವ ಮಾತನ್ನೂ ಹುಷಾರಾಗಿ ಬಳಸಿ. ಒಂದು ಲೇಔಟಿಗೆ ಅನುಮೋದನೆ ಇದೆ ಅಂತ ನಿಮ್ಮ ಆಫೀಸಿಗೇ ಅದು ಇದ್ದ ಹಾಗೆ ಬರೆಯುವುದು ತಪ್ಪು. ಇಲ್ಲದ ಅನುಮೋದನೆ ಇದೆ ಅಂತ ಹೇಳಿಕೊಳ್ಳುವುದನ್ನು ಸೆಕ್ಷನ್ 10 ನೇರವಾಗಿ ತಡೆಯುತ್ತೆ.

ವಿಡಿಯೋ ತೆಗೆಯುವ ದಿನ

ಈಗ ಪರಿಶೀಲನೆಗೆ ಗೂಗಲ್ ಬಹಳ ಸಲ ವಿಡಿಯೋ ಕೇಳುತ್ತೆ. ಯಾವ ಆಯ್ಕೆ ನಿಮ್ಮದು ಅನ್ನುವುದರ ಪರೀಕ್ಷೆಯೇ ಇದು. ಸರಸ್ವತೀಪುರಂನ ಗೆಳೆಯನೊಬ್ಬನ ಆಫೀಸಿನದ್ದು ತೆಗೆದದ್ದು ಹೇಳುತ್ತೇನೆ.

ಬೆಳಿಗ್ಗೆ ಒಂಬತ್ತೂವರೆ. ರಸ್ತೆ ಹೆಸರಿನ ಹಳದಿ ಫಲಕದಿಂದ ಶುರು ಮಾಡಿದೆವು. ಅಲ್ಲಿಂದ ಪಕ್ಕದ ನಂದಿನಿ ಬೂತು, ಅದರ ಪಕ್ಕ ಜೆರಾಕ್ಸ್ ಅಂಗಡಿ, ಆಮೇಲೆ ಇವನ ಬೋರ್ಡು, ಮೇಲಿಂದ ಕೆಳಗೆ ನಿಧಾನವಾಗಿ. ಜೇಬಿನಿಂದ ಬೀಗದ ಕೈ ತೆಗೆದು ಬಗ್ಗಿ ಎರಡೂ ಬದಿಯ ಬೀಗ ತೆಗೆದ, ಶಟರ್ ಅರ್ಧಕ್ಕೆ ಸಿಕ್ಕಿಕೊಂಡಿತು, ಮೊಣಕಾಲು ಕೊಟ್ಟು ಎತ್ತಿದ. ನಾನು ವಿಡಿಯೋ ನಿಲ್ಲಿಸಲಿಲ್ಲ, ನಿಲ್ಲಿಸಬಾರದು, ಎಡಿಟ್ ಮಾಡಿದ್ದು ತೆಗೆದುಕೊಳ್ಳಲ್ಲ. ಒಳಗೆ ಗೋಡೆ ಮೇಲಿನ ರೇರಾ ಸರ್ಟಿಫಿಕೇಟ್, ಟ್ರೇಡ್ ಲೈಸೆನ್ಸ್, ಡ್ರಾಯರಿನಿಂದ ಅವನ ಲೆಟರ್‌ಹೆಡ್. ಪಾರ್ಟಿಯ ಕ್ರಯಪತ್ರ ಮೇಜಿನ ಮೇಲಿತ್ತು, ಅದನ್ನು ಮೊದಲೇ ಎತ್ತಿಡಿಸಿದ್ದೆ. ಬ್ಯಾಂಕ್ ವಿವರ, ಆಧಾರ್, ಬೇರೆಯವರ ಮುಖ ಯಾವುದೂ ವಿಡಿಯೋದಲ್ಲಿ ಬರಬಾರದು. ಒಟ್ಟು ಒಂದೂವರೆ ನಿಮಿಷ. ಕನಿಷ್ಠ 30 ಸೆಕೆಂಡ್ ಇರಬೇಕು ಅಂತ ಕೇಳುತ್ತಾರೆ.

ಮನೆಯಿಂದ ಕೆಲಸ ಮಾಡುವವರಿಗೆ ಶಟರ್ ಇಲ್ಲ. ಅವರು ತಮ್ಮ ಬೀದಿ, ಬಿಸಿನೆಸ್ ಹೆಸರಿರುವ ದಾಖಲೆ, ವಿಸಿಟಿಂಗ್ ಕಾರ್ಡ್, ಗಾಡಿ ಮೇಲೆ ಹೆಸರಿದ್ದರೆ ಅದು, ಇವನ್ನು ತೋರಿಸಬೇಕು. ಹಾಗಾಗಿ ಇಂಥವರು ವಿಡಿಯೋಗೆ ಮುಂಚೆಯೇ ಜಿಎಸ್‌ಟಿಯೋ ಉದ್ಯಮ್ ನೋಂದಣಿಯೋ ಏನಾದರೂ ಬಿಸಿನೆಸ್ ಹೆಸರಿನಲ್ಲೇ ಮಾಡಿಸಿಟ್ಟುಕೊಂಡಿದ್ದರೆ ಒಳ್ಳೇದು.

ಮತ್ತೊಂದು, ಲಿಸ್ಟಿಂಗ್ ಯಾರ ಜಿಮೇಲ್‌ನಲ್ಲಿ ಇದೆ ಅಂತ ಇವತ್ತೇ ನೋಡಿ. ನನ್ನದು ಲಿಸ್ಟಿಂಗ್ ಮಾಡಿಕೊಟ್ಟ ಆ ಹುಡುಗನ ಜಿಮೇಲ್‌ನಲ್ಲಿತ್ತು, ಅವನು ಬೆಂಗಳೂರಿಗೆ ಹೋಗಿದ್ದ, ಫೋನ್ ಎತ್ತುತ್ತಿರಲಿಲ್ಲ. ಪ್ರೈಮರಿ ಓನರ್ ನೀವಿರಬೇಕು, ಕೆಲಸ ಮಾಡಿಕೊಡುವವರು ಮ್ಯಾನೇಜರ್ ಆಗಿರಲಿ. ಕೈತಪ್ಪಿದ್ದರೆ ಗೂಗಲ್‌ನಲ್ಲೇ ಓನರ್‌ಶಿಪ್ ಕೇಳಬಹುದು, ಈಗಿರುವವರಿಗೆ ಉತ್ತರಿಸಲು 3 ದಿನ ಇರುತ್ತೆ.

ರಿವ್ಯೂ, ಆಮೇಲೆ ಅಪೀಲು

ರಿಜಿಸ್ಟ್ರೇಷನ್ ಆದ ದಿನ ಸಿಹಿ ಹಂಚುವಾಗ ಒಂದು ರಿವ್ಯೂ ಹಾಕಿ ಸಾರ್ ಅಂತ ಕೇಳುವುದರಲ್ಲಿ ತಪ್ಪೇನಿಲ್ಲ. ರಿವ್ಯೂ ಹಾಕಿದರೆ ಕಮಿಷನ್‌ನಲ್ಲಿ ಐನೂರು ಬಿಡುತ್ತೇನೆ ಅನ್ನುವುದು ತಪ್ಪು. ಖುಷಿಯಾದವರನ್ನು ಮಾತ್ರ ಆರಿಸಿ ಕೇಳುವುದೂ ನಿಯಮಕ್ಕೆ ವಿರುದ್ಧ. ಅತ್ತಿಗೆ, ಭಾವಮೈದ, ಪಕ್ಕದ ಅಂಗಡಿಯವರಿಂದ ಹಾಕಿಸಬೇಡಿ. ಯಾರಾದರೂ ಬೈದು ಬರೆದರೆ ಉತ್ತರ ಕೊಡುವಾಗ ಅವರ ಸೈಟ್ ನಂಬರ್, ಎಷ್ಟಕ್ಕೆ ವ್ಯವಹಾರವಾಯಿತು, ಸಾಲ ಎಷ್ಟು ಅಂತ ಬಾಯಿಬಿಡಬೇಡಿ, ಎಷ್ಟೇ ಸಿಟ್ಟು ಬಂದರೂ.

ಸಸ್ಪೆಂಡ್ ಆಗೇ ಹೋಯಿತು ಅಂದರೆ ಗಾಬರಿಯಲ್ಲಿ ಹೊಸ ಲಿಸ್ಟಿಂಗ್ ಮಾಡಬೇಡಿ, ಅದರಿಂದ ಕೇಸು ಇನ್ನೂ ಕೆಡುತ್ತೆ. ಮೊದಲು ಹೆಸರು, ವಿಳಾಸ, ಟೈಮಿಂಗ್, ಕ್ಯಾಟಗರಿ ಸರಿಮಾಡಿ, ಆಮೇಲೆ ಅಪೀಲು. ಕ್ಯಾಟಗರಿ ಒಂದು ಮುಖ್ಯದ್ದು, ಬೇಕಾದರೆ ಇನ್ನೊಂದೆರಡು ಸಾಕು. ಕನ್‌ಸ್ಟ್ರಕ್ಷನ್, ಇಂಟೀರಿಯರ್, ಲೋನ್ ಏಜೆನ್ಸಿ ಅಂತ ಮಾಡದ ಕೆಲಸವೆಲ್ಲ ಸೇರಿಸಿರುವುದನ್ನು ತೆಗೆಯಿರಿ.

ಅಪೀಲು ಹಾಕಿದ ಮೇಲೆ ದಾಖಲೆ ಸೇರಿಸುವ ಫಾರ್ಮ್ ತೆರೆಯುತ್ತೆ, ಅದಕ್ಕೆ 60 ನಿಮಿಷ ಮಾತ್ರ ಸಮಯ. ಆ ಒಂದು ಗಂಟೆಯಲ್ಲಿ ಟ್ರೇಡ್ ಲೈಸೆನ್ಸ್ ಹುಡುಕಲು ಬೀರು ತೆಗೆಯುವ ಹಾಗಾಗಬಾರದು. ಎಲ್ಲವನ್ನೂ ಸ್ಕ್ಯಾನ್ ಮಾಡಿ ಒಂದು ಫೋಲ್ಡರಿನಲ್ಲಿ ಇಟ್ಟುಕೊಂಡೇ ಅಪೀಲಿನ ಬಟನ್ ಒತ್ತಿ. ಲೈಸೆನ್ಸ್, ಜಿಎಸ್‌ಟಿ ಸರ್ಟಿಫಿಕೇಟ್, ಸೆಸ್ಕ್ ಕರೆಂಟ್ ಬಿಲ್ ಅಥವಾ ಇಂಟರ್ನೆಟ್ ಬಿಲ್, ಎಲ್ಲದರಲ್ಲೂ ಹೆಸರು ಮತ್ತು ವಿಳಾಸ ಲಿಸ್ಟಿಂಗ್‌ನಲ್ಲಿ ಇರುವಂತೆಯೇ ಇರಬೇಕು. ಬಾಡಿಗೆ ಅಂಗಡಿಯಲ್ಲಿ ಕರೆಂಟ್ ಬಿಲ್ ಸಾಮಾನ್ಯವಾಗಿ ಮಾಲೀಕರ ಹೆಸರಿನಲ್ಲಿರುತ್ತೆ, ಅದಕ್ಕೆ ಬಲ ಕಡಿಮೆ. ಇಂಟರ್ನೆಟ್ ಕನೆಕ್ಷನ್ ಹಾಕಿಸುವಾಗಲೇ ಬಿಲ್ಲನ್ನು ಬಿಸಿನೆಸ್ ಹೆಸರಿಗೆ, ಅಂಗಡಿ ವಿಳಾಸಕ್ಕೆ ಮಾಡಿಸಿಕೊಳ್ಳಿ.